ಎರಡನೆಯ ಪೆಟ್ಟು ಕೇಳುವ ತನಕ

ದೀಪಾವಳಿ ಕಳೆದ ಮೊದಲ ಭಾನುವಾರ, ಬೆಳಿಗ್ಗೆ ಆರು ಗಂಟೆ. ಸ್ಥಳ, ಬಿಜೂರಿನ ನಮ್ಮ ಸಣ್ಣ ಗಾಲ್ಫ್ ಬಯಲು. ಹಾಜರಿದ್ದವರು ಮೂವರು. ಜಾಗದ ಯಜಮಾನರಾದ ಸುಧಾಕರ ಶೆಟ್ಟರು, ಹುಲ್ಲು ಕತ್ತರಿಸುವ ಯಂತ್ರ ನಡೆಸುವ ಚಂದ್ರ, ಮತ್ತು ಬಯಲಿನ ಮೇಲ್ವಿಚಾರಕನಾದ ನಾನು. ಹೆಸರು ಮಹಾಬಲ, ಊರಿನವರ ಬಾಯಲ್ಲಿ ಮಾಬ್ಲಣ್ಣ.

ಆ ದಿನ ಮೊದಲ ಬಾರಿಗೆ ಮನೆಮಂದಿಯನ್ನೆಲ್ಲ ಆಟಕ್ಕೆ ಕರೆದಿದ್ದೆವು. ಅಲ್ಲಿಯವರೆಗೆ ಬರುತ್ತಿದ್ದವರು ಶೆಟ್ಟರ ಮುಂಬೈ ಸ್ನೇಹಿತರು, ಆಟ ಬಲ್ಲವರು. ಈಗ ಬರುವವರು ಗಾಲ್ಫ್ ಕೋಲನ್ನು ಕೈಯಲ್ಲಿ ಹಿಡಿಯದ ಗಂಡ ಹೆಂಡತಿ, ಮಕ್ಕಳು, ಅಜ್ಜಿಯರು. ಶೆಟ್ಟರು ಚಹಾದ ಲೋಟ ಕೆಳಗಿಟ್ಟರು.

“ಮಾಬ್ಲಣ್ಣ, ಒಂದ್ ಮಾತ್ ಹೇಳ್ತೆ, ಬೇಜಾರ್ ಮಾಡ್ಕಣ್ಬೇಡಿ. ಇವತ್ತ್ ಯಾರಿಗಾರೂ ಒಂದ್ ಚೆಂಡ್ ತಾಗಿತ್ ಅಂದ್ರೆ, ನಾಳೆ ಗೇಟಿಗೆ ಬೀಗ. ಊರವ್ರ ಮುಖ ಕಾಣ್ಕಲ್ದಾ ನಂಗೆ?”

“ಆಯ್ತ್ ಶೆಟ್ರೇ” ಎಂದೆ. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಎದ್ದಾಗಿನಿಂದ ನಾನೂ ಅದನ್ನೇ ಯೋಚಿಸುತ್ತಿದ್ದೆ.

ಅದಾಗಿ ವರ್ಷಗಳಾದವು, ವಯಸ್ಸಾಯಿತೆಂದು ಹೋದ ಮಳೆಗಾಲಕ್ಕೆ ಮೊದಲು ನಾನು ಕೆಲಸ ಬಿಟ್ಟೆ. ಈಗ ಈ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಮನೆಗೆ ಬಂದು, ಹುಲ್ಲು ಎಷ್ಟು ಎತ್ತರ ಇಡಬೇಕು, ಮಳೆಗಾಲದಲ್ಲಿ ಪಾಚಿ ಹಿಡಿದರೆ ಏನು ಮಾಡಬೇಕು ಎಂದು ಕೇಳುತ್ತಾರೆ. ಹೇಳುತ್ತೇನೆ. ಹುಲ್ಲಿನ ವಿಷಯ ತರಬೇತಿಯಲ್ಲೂ ಸಿಗುತ್ತದೆ. ಆ ಭಾನುವಾರದ ವಿಷಯ ಅಲ್ಲಿ ಸಿಗುವುದಿಲ್ಲವಾದ್ದರಿಂದ ಬರೆದಿಡುತ್ತಿದ್ದೇನೆ.

ನಾನು ಚಿಕ್ಕವನಿದ್ದಾಗ ಮುಂಬೈಗೆ ಹೋದದ್ದು ಒಂದು ಗಾಲ್ಫ್ ಕ್ಲಬ್ಬಿನ ಕ್ಯಾಂಟೀನಿನಲ್ಲಿ ಲೋಟ ತೊಳೆಯಲು. ಅಲ್ಲಿಂದ ಹುಲ್ಲಿನ ಕೆಲಸಕ್ಕೆ ಬಂದೆ. ಯಾವಾಗ ಯಾವ ಹುದ್ದೆ ಸಿಕ್ಕಿತು ಎಂಬುದರಿಂದ ನಿಮಗೆ ಪ್ರಯೋಜನವಿಲ್ಲ. ನನ್ನ ಮೇಲಿನವರು ಡಿಸೋಜ ಎಂಬವರು. ಅವರದೊಂದು ಕಟ್ಟುನಿಟ್ಟು ಇತ್ತು. ಬೆಳಿಗ್ಗೆ ಯಂತ್ರ ಹೊರತೆಗೆಯುವ ಮೊದಲು ಇಡೀ ಬಯಲನ್ನು ನಡೆದು ಸುತ್ತಬೇಕು, ಮತ್ತು ಆಗ ಕೈ ಖಾಲಿ ಇರಬೇಕು. ಯಾಕೆಂದು ನಾನು ಕೇಳಿರಲಿಲ್ಲ. ಒಂದು ದಿನ ನಮ್ಮಲ್ಲೊಬ್ಬ ಮರಳಿನ ಬಕೆಟ್ ಹಿಡಿದು ಹೊರಟ. ಮೊದಲ ಗುಳಿಯ ಬಳಿ ಹುಲ್ಲು ಕಿತ್ತುಹೋದದ್ದು ಕಂಡು ಅಲ್ಲೇ ಕುಳಿತು ಮರಳು ತುಂಬತೊಡಗಿದ. ಆ ಹೊತ್ತಿಗೆ ಬಯಲಿನ ಆಚೆ ತುದಿಯಲ್ಲಿ ಪೈಪು ಒಡೆದು ಒಂದು ಗ್ರೀನ್, ಅಂದರೆ ಗುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲಿನ ಜಾಗ, ಪೂರ್ತಿ ಕೆರೆಯಾಗಿತ್ತು. ಕೈಯಲ್ಲಿ ಸಾಮಾನು ಇದ್ದರೆ ಮೊದಲು ಕಂಡ ಕೆಲಸಕ್ಕೇ ಕೂರುತ್ತೇವೆ, ಉಳಿದದ್ದು ಕಾಣುವುದಿಲ್ಲ. ನಾನು ಇವತ್ತಿಗೂ ಮನೆಯ ಹಿತ್ತಲಿಗೆ ಬೆಳಿಗ್ಗೆ ಖಾಲಿ ಕೈಯಲ್ಲೇ ಹೋಗುವುದು.

ಅದೇ ಕ್ಲಬ್ಬಿನಲ್ಲಿ ನಡೆದ ಇನ್ನೊಂದು ಸಂಗತಿ. ದೊಡ್ಡ ಗಾಲ್ಫ್ ಬಯಲಿನಲ್ಲಿ ಆಟ ಮುಗಿಯಲು ಅರ್ಧ ದಿನ ಬೇಕು. ಅಪ್ಪ ಆಡಲು ಹೋದರೆ ತಾಯಿ ಮಕ್ಕಳು ಕ್ಯಾಂಟೀನಿನಲ್ಲಿ ಕಾದು ಕೂರುತ್ತಿದ್ದರು. ಒಮ್ಮೆ ಒಬ್ಬ ಸದಸ್ಯರ ಹೆಂಡತಿ ಧೈರ್ಯ ಮಾಡಿ ಮೊದಲ ಟೀಗೆ, ಅಂದರೆ ಹೊಡೆತ ಶುರು ಮಾಡುವ ಜಾಗಕ್ಕೆ ಬಂದರು. ಕೋಲು ಬೀಸಿದರು, ಚೆಂಡು ಅಲ್ಲಾಡಲಿಲ್ಲ. ಇನ್ನೊಮ್ಮೆ ಬೀಸಿದರು. ಹಿಂದೆ ನಾಲ್ಕು ಜನ ಗಂಡಸರು ಸರದಿಗೆ ಕಾಯುತ್ತಿದ್ದರು. ಒಬ್ಬರು ಸುಮ್ಮನೆ ಗಂಟಲು ಸರಿಮಾಡಿಕೊಂಡರು. ಆ ಹೆಂಗಸು ಕೋಲನ್ನು ನನ್ನ ಕೈಗೆ ಕೊಟ್ಟು ಕ್ಯಾಂಟೀನಿಗೆ ಹೋದವರು ಮತ್ತೆ ಟೀಗೆ ಬರಲಿಲ್ಲ.

ಊರಿಗೆ ಮರಳಿದ ಮೇಲೆ ಸುಧಾಕರ ಶೆಟ್ಟರು ತಮ್ಮ ಹಾಡಿಯಲ್ಲಿ, ಅಂದರೆ ಮರಗಿಡ ಬೆಳೆದ ಖಾಲಿ ಜಾಗದಲ್ಲಿ, ಗಾಲ್ಫ್ ಮಾಡಬೇಕೆಂದು ಕರೆದಾಗ ನನಗೆ ನೆನಪಾದದ್ದು ಆ ಹೆಂಗಸೇ. “ದೊಡ್ಡದ್ ಬೇಡ ಶೆಟ್ರೇ, ಸಣ್ಣದ್ ಮಾಡುವ” ಎಂದೆ. ಒಂಬತ್ತು ಗುಳಿ. ಪ್ರತಿಯೊಂದೂ ಪಾರ್ ತ್ರೀ, ಅಂದರೆ ಆಟ ಬಲ್ಲವರು ಮೂರು ಹೊಡೆತದಲ್ಲಿ ಚೆಂಡನ್ನು ಗುಳಿಗೆ ಇಳಿಸಬೇಕು. ನಿಂತ ಜಾಗದಿಂದಲೇ ಗುಳಿಯ ಬಾವುಟ ಕಾಣುತ್ತದೆ. ಒಬ್ಬರಿಗೆ ಎರಡು ಮೂರು ಕೋಲು ಸಾಕು. ಬೆಳಿಗ್ಗೆ ತಿಂಡಿ ತಿಂದು ಬಂದವರು ಬಿಸಿಲೇರುವ ಮೊದಲು ಆಡಿ ಮುಗಿಸಬಹುದು. ಬಲವಿಲ್ಲದವರೂ ನಾಲ್ಕಾರು ಹೊಡೆತದಲ್ಲಿ ಮುಟ್ಟುತ್ತಾರೆ. ಮಗು ಆಡಬಹುದು, ಅಜ್ಜಿ ಆಡಬಹುದು, ಇಬ್ಬರೂ ಒಟ್ಟಿಗೆ ಆಡಬಹುದು. ಬೇರೆ ಯಾವ ಆಟದಲ್ಲಿ ಹೀಗಿದೆ ಹೇಳಿ.

ಆದರೆ ಸಣ್ಣ ಬಯಲಿನಲ್ಲಿ ಅಪಾಯ ಸಣ್ಣದಲ್ಲ. ಜನ ಹತ್ತಿರ ಹತ್ತಿರ ಇರುತ್ತಾರೆ, ಅದರಲ್ಲೂ ಹೊಸಬರು. ಹೊಸಬರ ಚೆಂಡು ಯಾವ ಕಡೆಗೆ ಹೋಗುತ್ತದೆ ಎಂದು ಹೊಡೆದವರಿಗೇ ಗೊತ್ತಿರುವುದಿಲ್ಲ. ಮುಂಬೈಯಲ್ಲಿ ಸುತ್ತ ಗೋಡೆ ಇತ್ತು. ಇಲ್ಲಿ ಗೋಡೆ ಇಲ್ಲ. ಐದನೆಯ ಟೀ ಎತ್ತರದಲ್ಲಿದೆ, ಗ್ರೀನ್ ಎದುರಿನ ದಿಬ್ಬದಲ್ಲಿದೆ, ನಡುವೆ ಒಂದು ತಗ್ಗು. ಆ ತಗ್ಗಿನಲ್ಲಿ ಕಾಲುದಾರಿ. ಕಡಲ ಬದಿಯ ಮನೆಗಳವರು ಹೆದ್ದಾರಿಯ ಬಸ್ ಸ್ಟಾಪಿಗೆ ಹೋಗುವುದು ಅದರಲ್ಲೇ. ಶೆಟ್ಟರ ಅಜ್ಜನ ಕಾಲಕ್ಕೂ ಮೊದಲಿನ ದಾರಿ. ಅದನ್ನು ಮುಚ್ಚುವ ಮಾತು ಶೆಟ್ಟರೂ ಆಡಲಿಲ್ಲ, ನಾನೂ ಆಡಲಿಲ್ಲ. ತಗ್ಗಿನಲ್ಲಿ ನಡೆಯುವವರು ಟೀಯಲ್ಲಿ ನಿಂತವರಿಗೆ ಕಾಣುವುದಿಲ್ಲ. ತೊಂದರೆ ಇದ್ದದ್ದು ಅಲ್ಲಿ.

ನಮ್ಮ ಊರಿನ ಅಭ್ಯಾಸಗಳೂ ಗಾಲ್ಫಿಗೆ ಹೇಳಿ ಮಾಡಿಸಿದವಲ್ಲ. ಇಲ್ಲಿ ಎಲ್ಲರೂ ಗದ್ದೆಯಲ್ಲಿ ಕ್ರಿಕೆಟ್ ಆಡಿ ಬೆಳೆದವರು. ಚೆಂಡು ಹೊಡೆದ ಕೂಡಲೇ ಓಡುತ್ತಾರೆ. ಪಕ್ಕದವನ ಸರದಿ ಇದೆ, ಅವನು ಕೋಲು ಎತ್ತಿದ್ದಾನೆ, ಅದು ನೆನಪಿರುವುದಿಲ್ಲ. ಚಂದ್ರ ತನ್ನ ಊರಿನ ತಂಡದ ಕೀಪರ್. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಮೂರನೆಯ ಗ್ರೀನಿನಲ್ಲಿ ಕಳೆ ತೆಗೆಯುತ್ತಿದ್ದಾಗ ಮೇಲಿನಿಂದ ಚೆಂಡು ಬಂತು. ತಪ್ಪಿಸಿಕೊಳ್ಳುವ ಬದಲು ಎರಡೂ ಕೈ ಒಡ್ಡಿ ಹಿಡಿದ. ಟೆನಿಸ್ ಬಾಲಲ್ಲ ಅದು, ಕಲ್ಲು. ಅಂಗೈ ಬಾತು ಅನ್ನ ಕಲಸಲಾಗದೆ ಚಮಚದಲ್ಲಿ ಉಂಡ.

“ಎಂತಕ್ಕೆ ಹಿಡ್ದೆ ಮಾರಾಯಾ?” ಎಂದು ಗದರಿದೆ.

“ಬಿಟ್ರೆ ಕ್ಯಾಚ್ ಡ್ರಾಪ್ ಆತಿಲ್ಯಾ ಮಾಬ್ಲಣ್ಣ?”

ನಗು ಬಂತು. ಆದರೆ ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಚಂದ್ರ ಕೈ ಒಡ್ಡಿದ. ಮಗುವಾದರೆ?

ಶೆಟ್ಟರು ಕುಂದಾಪುರದಿಂದ ಒಂದು ಸೀಟಿ ತಂದುಕೊಟ್ಟರು. ಐದನೆಯ ಟೀಯಿಂದ ಯಾರಾದರೂ ಹೊಡೆಯುವ ಮೊದಲು ನಾನು ಜೋರಾಗಿ ಊದಬೇಕು, ದಾರಿಯಲ್ಲಿದ್ದವರು ಕೇಳಿ ನಿಲ್ಲಬೇಕು ಎಂಬ ಏರ್ಪಾಡು. ಕೇಳಲು ಸರಿಯಾಗಿಯೇ ಇತ್ತು, ನಾನೂ ಒಪ್ಪಿದೆ.

ಗುಲಾಬಿ ಎಂಬ ಹೆಂಗಸು ದಿನಾ ಬೆಳಿಗ್ಗೆ ಮೀನಿನ ಬುಟ್ಟಿ ತಲೆಯ ಮೇಲೆ ಹೊತ್ತು ಆ ದಾರಿಯಲ್ಲಿ ಬಸ್ಸಿಗೆ ಹೋಗುತ್ತಾಳೆ. ಒಳಗಿನ ಊರುಗಳಿಗೆ ಹೋಗಿ ಮನೆಮನೆಗೆ ಮೀನು ಮಾರುವುದು ಅವಳ ಕಸುಬು. ಸೀಟಿ ಶುರುವಾದ ಮೇಲೆ ಒಂದು ಬೆಳಿಗ್ಗೆ ಮುಂಬೈಯಿಂದ ಬಂದವರೊಬ್ಬರು ಟೀಯಲ್ಲಿ ನಿಂತರು, ನಾನು ಸೀಟಿ ಊದಿದೆ, ಅವರು ಹೊಡೆದರು. ಚೆಂಡು ಗಿಡ್ಡವಾಗಿ ತಗ್ಗಿಗೆ ಬಿತ್ತು. ಮತ್ತೆ ನೋಡಿದರೆ ಗುಲಾಬಿ ಏದುಸಿರು ಬಿಡುತ್ತ ದಿಬ್ಬ ಹತ್ತಿ ನನ್ನ ಕಡೆ ಬರುತ್ತಿದ್ದಾಳೆ. ಕೈಯಲ್ಲಿ ಬಿಳಿಯ ಚೆಂಡು.

“ಹ್ವಾಯ್ ಮಾಬ್ಲಣ್ಣ! ಇದ್ ಯಾವ್ ಕೋಳಿ ಮೊಟ್ಟೆ? ಬಂಗ್ಡೆ ಬುಟ್ಟಿಗೇ ಬಂದ್ ಬಿತ್ತ್ ಕಾಣಿ!”

“ಸೀಟಿ ಊದ್ದೆ ಅಲ್ದಾ? ಕೇಳ್ಳಿಲ್ಯಾ?”

“ಕೇಳ್ತ್! ಅದ್ಕೇ ಓಡ್ದೆ! ಸೀಟಿ ಹೊಡುದ್ ಬಸ್ಸಿನ ಕಂಡೆಕ್ಟ್ರಲ್ದಾ? ಬಸ್ ಹೋಯ್ತ್ ಅಂದೇಳಿ ಓಡಿ ಬಂದೆ. ನೀವ್ ಯಾವಾಗಿಂದ ಕಂಡೆಕ್ಟ್ರಾದ್ದ್?”

ಅಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಚೆಂಡನ್ನು ಅವಳ ಕೈಯಿಂದ ತೆಗೆದುಕೊಂಡೆ. ನಮ್ಮ ಕಡೆಯ ಖಾಸಗಿ ಬಸ್ಸುಗಳಲ್ಲಿ ಹೊರಡುವ ಸೂಚನೆ ಕಂಡಕ್ಟರನ ಸೀಟಿ. ಅದನ್ನು ಕೇಳಿದರೆ ಇಲ್ಲಿಯವರು ನಿಲ್ಲುವುದಿಲ್ಲ, ಓಡುತ್ತಾರೆ. ನಿಲ್ಲಿಸಲು ಊದಿದ್ದು ಅವಳನ್ನು ಚೆಂಡಿನ ಕೆಳಗೇ ಓಡಿಸಿತ್ತು. ಚೆಂಡು ಬೀಳಬೇಕಾದದ್ದು ತಲೆಗೆ, ಬಿದ್ದದ್ದು ತಲೆಯ ಮೇಲಿನ ಬುಟ್ಟಿಗೆ.

“ಮೇಲ್ ಒಂಚೂರ್ ಕಂಡ್ಕಂಡ್ ನಡಿಯುಕಾತಿಲ್ಯಾ ಗುಲಾಬಿ?” ಎಂದು ಕೇಳಿದೆ.

“ತಲಿ ಮೇಲ್ ಬುಟ್ಟಿ ಇಟ್ಕಂಡ್ ಆಕಾಶ ಕಾಂಬುಕಾತ್ತಾ? ನೀವ್ ಒಂದಿನ ಹೊತ್ಕಂಡ್ ಕಾಣಿ, ಗೊತ್ತಾತ್ತ್.”

ಅವಳು ತಮಾಷೆಗೆ ಹೇಳಿದ್ದು. ನಾನು ಮರುದಿನ ಅವಳ ಬುಟ್ಟಿ ಕೇಳಿ ತೆಗೆದುಕೊಂಡು ಆ ತಗ್ಗನ್ನು ಒಮ್ಮೆ ದಾಟಿದೆ. ಕುತ್ತಿಗೆ ತಿರುಗಿಸಲಾಗುವುದಿಲ್ಲ. ಕಾಣುವುದು ಮುಂದಿನ ಎರಡು ಹೆಜ್ಜೆಯ ಮಣ್ಣು ಮಾತ್ರ. ಸದ್ದು ಯಾವ ಕಡೆಯಿಂದ ಬಂತೆಂದೂ ತಿಳಿಯುವುದಿಲ್ಲ. ಕೆಂಪು ಕಲ್ಲಿನ ಮೇಲೆ ಕಾಲು ಜಾರದಂತೆ ನೋಡಿಕೊಳ್ಳುವುದರಲ್ಲೇ ಗಮನವೆಲ್ಲ ಹೋಗುತ್ತದೆ. ಗುಲಾಬಿ ಹಿಂದಿನಿಂದ, “ಸೊಂಟ ನೆಟ್ಟಗ್ ಇಡಿ, ಮೀನ್ ಚೆಲ್ಬೇಡಿ” ಎನ್ನುತ್ತಲೇ ಇದ್ದಳು.

ಆಮೇಲೆ ಕ್ರಮವನ್ನು ತಿರುಗಿಸಿದೆವು. ಆಡುವವರು ನಡೆಯುವವರಿಗೆ ಎಚ್ಚರಿಕೆ ಕೊಡುವುದಲ್ಲ, ನಡೆಯುವವರು ಆಡುವವರಿಗೆ ಕೊಡಬೇಕು. ತಗ್ಗಿನ ಎರಡು ತುದಿಯಲ್ಲೂ ರೈಲು ಹಳಿಯ ಒಂದೊಂದು ತುಂಡು ತೂಗುಹಾಕಿದೆ, ಶಾಲೆಯ ಗಂಟೆಯ ಹಾಗೆ. ಪಕ್ಕದಲ್ಲಿ ಹಗ್ಗಕ್ಕೆ ಕಟ್ಟಿದ ಕಬ್ಬಿಣದ ಸರಳು. ತಗ್ಗಿಗೆ ಇಳಿಯುವವರು ಈ ತುದಿಯಲ್ಲಿ ಒಂದು ಪೆಟ್ಟು ಹೊಡೆಯಬೇಕು. ಕೂಡಲೇ ಟೀಯಲ್ಲಿರುವ ಎಲ್ಲರೂ ಕೋಲನ್ನು ಹುಲ್ಲಿನ ಮೇಲೆ ಮಲಗಿಸಬೇಕು. ದಾಟಿದವರು ಆ ತುದಿಯಲ್ಲಿ ಎರಡನೆಯ ಪೆಟ್ಟು ಹೊಡೆಯಬೇಕು. ಅದು ಕೇಳುವ ತನಕ ಯಾರೂ ಕೋಲು ಎತ್ತಬಾರದು.

“ಬಸ್ಸಿಗ್ ಹೋಪುಕೂ ಗಂಟಿ ಹೊಡೀಕಾ? ನಾವೆಂತ ದೇವಸ್ಥಾನಕ್ ಹೋಪುದಾ?” ಎಂದು ಊರವರು ಹಾಸ್ಯ ಮಾಡಿದರು. ಆದರೂ ಹೊಡೆದರು. ಮೊದಲ ಪೆಟ್ಟನ್ನು ಯಾರೂ ಮರೆಯುತ್ತಿರಲಿಲ್ಲ. ಬಸ್ಸು ಕಂಡ ಗಡಿಬಿಡಿಯಲ್ಲಿ ಎರಡನೆಯದನ್ನು ಮರೆಯುವವರು ಇದ್ದರು. ಆಗೆಲ್ಲ ಚಂದ್ರ ಇಳಿದು ನೋಡಿ ಬರುತ್ತಿದ್ದ. ದಾರಿ ಖಾಲಿ ಇರುತ್ತಿತ್ತು. ಇದನ್ನು ನೆನಪಿಡಿ, ಮುಂದೆ ಶೆಟ್ಟರು ಹೇಳಿದ ಮಾತಿಗೆ ಇದೇ ಆಧಾರ.

ಈಗ ಆ ಭಾನುವಾರಕ್ಕೆ ಬರುತ್ತೇನೆ.

ಮೊದಲು ಬಂದವರು ಕೊಕ್ಕರ್ಣೆಯ ದನದ ಡಾಕ್ಟರು, ಅವರ ಹೆಂಡತಿ ಸವಿತಾ, ಎರಡು ಮಕ್ಕಳು, ಡಾಕ್ಟರ ತಾಯಿ. ತಾಯಿಯವರು ಬೆಂಚಿನ ಕಡೆಗೇ ನಡೆದರು. “ನಾನೆಂತ ಆಡುದ್? ನಂಗೆ ಮಂಡಿ ನೋವ್. ನೀವ್ ಆಡಿ, ನಾನ್ ಚಪ್ಪಲ್ ಕಾಯ್ತೆ” ಎಂದರು. ಮುಂಬೈ ಕ್ಯಾಂಟೀನಿಗೆ ಹಿಂದಿರುಗಿದ ಆ ಹೆಂಗಸು ಕಣ್ಣ ಮುಂದೆ ಬಂದರು. ಪಟರ್, ಅಂದರೆ ಗ್ರೀನಿನ ಮೇಲೆ ಚೆಂಡನ್ನು ಮೆಲ್ಲಗೆ ತಳ್ಳುವ ಕೋಲನ್ನು ತಂದು ಅವರ ಕೈಯಲ್ಲಿಟ್ಟೆ. “ಅಮ್ಮ, ಬೀಸುದ್ ಬೇಡ. ಅಂಗಳ ಗುಡ್ಸಿದಾಂಗೆ ಮಾಡಿ.”

ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಚೆಂಡನ್ನು ತಳ್ಳಿದರು, ಹಿಂದೆ ನಡೆದರು, ಮತ್ತೆ ತಳ್ಳಿದರು. ಮಗ ಡಾಕ್ಟರು ಮೊದಲ ಹೊಡೆತವನ್ನೇ ಪೊದೆಗೆ ಕಳಿಸಿ ಇನ್ನೂ ಹುಡುಕುತ್ತಿರುವಾಗ ತಾಯಿಯ ಚೆಂಡು ಗುಳಿಯಲ್ಲಿ ಠಣ್ ಎಂದಿತು.

“ಇಷ್ಟೇಯಾ?” ಎಂದು ನನ್ನನ್ನು ಕೇಳಿದರು. ಆಮೇಲೆ ಪೊದೆಯ ಕಡೆ ತಿರುಗಿ, “ಮೆಲ್ಲ ಮಗಾ, ಅದ್ ಹಾಯ್ವ ದನ ಅಲ್ಲ!” ಎಂದು ಕೂಗಿದರು.

ಮೊಮ್ಮಕ್ಕಳು ಬಿದ್ದು ಬಿದ್ದು ನಕ್ಕರು. ನನಗೆ ನಗಲಾಗಲಿಲ್ಲ. ಇನ್ನೂ ಮೂರು ಕುಟುಂಬಗಳು ಬಂದಿದ್ದವು. ಯಾವ ಮಗು ಎಲ್ಲಿದೆ, ಯಾರ ಕೋಲು ಮೇಲಿದೆ ಎಂದು ನನ್ನ ಕಣ್ಣು ಸುತ್ತುತ್ತಲೇ ಇತ್ತು.

ಐದನೆಯ ಟೀಯಲ್ಲಿ ಎಲ್ಲ ಕುಟುಂಬಗಳೂ ಒಟ್ಟಾದವು. ಡಾಕ್ಟರು ಚೆಂಡಿಟ್ಟು ಕೋಲು ಎತ್ತುವಷ್ಟರಲ್ಲಿ ಕೆಳಗಿನಿಂದ ಠಣ್ ಎಂದು ಕೇಳಿತು. ಮೊದಲ ಪೆಟ್ಟು. “ಕೋಲ್ ಕೆಳ್ಗೆ!” ಎಂದೆ. ಎಲ್ಲರೂ ಮಲಗಿಸಿದರು. ಮಕ್ಕಳಿಗೆ ಅದೂ ಒಂದು ಆಟವಾಯಿತು.

ಎರಡನೆಯ ಪೆಟ್ಟು ಬರಲಿಲ್ಲ.

ಬುಟ್ಟಿ ಹೊತ್ತವರು ಎಷ್ಟು ನಿಧಾನವಾಗಿ ನಡೆದರೂ ದಾಟಿ ಮುಗಿಯಬೇಕಾದ ಹೊತ್ತು ದಾಟಿತು. ಬಿಸಿಲು ಏರುತ್ತಿತ್ತು. ಒಂದು ಮಗು ಅಳತೊಡಗಿತು. ಹಿಂದಿನ ಕುಟುಂಬದವರು ಗಡಿಯಾರ ನೋಡಿಕೊಂಡರು. ಯಾವತ್ತೂ ಇಳಿದು ನೋಡುವ ಚಂದ್ರನನ್ನು ಎಂಟನೆಯ ಗುಳಿಗೆ ಕಳಿಸಿದ್ದೆ, ಅಲ್ಲಿ ದನ ನುಗ್ಗಿತ್ತು. ಶೆಟ್ಟರು ನನ್ನ ಪಕ್ಕಕ್ಕೆ ಬಂದರು.

“ಮರ್ತ್ ಹೋಯಿರ್ಕ್ ಮಾಬ್ಲಣ್ಣ. ದಿನಾ ಮರೀತ್ರಲ್ದಾ? ಆಡ್ಸಿ.”

“ಕಂಡ್ ಬತ್ತೆ ಶೆಟ್ರೇ.”

“ನೀವ್ ಇಳ್ದ್ ಹತ್ತಿ ಬಪ್ಪತಿಗೆ ಎಲ್ಲ ಮನಿಗ್ ಹೋತ್ರ್. ಮಕ್ಳ್ ಮರ್ಕುದ್ ಕಾಣಿ.” ಅವರು ಡಾಕ್ಟರ ಕಡೆ ತಿರುಗಿ ನಕ್ಕರು. “ನಾನೇ ಒಂದ್ ಹೊಡ್ದ್ ತೋರ್ಸ್ತೆ, ಡಾಕ್ಟ್ರೇ.”

ಶೆಟ್ಟರು ಕೋಲು ಎತ್ತಿಕೊಂಡರು. ನಾನು ಬಗ್ಗಿ ಟೀ ಮೇಲಿದ್ದ ಚೆಂಡನ್ನು ತೆಗೆದು ಜೇಬಿಗೆ ಹಾಕಿಕೊಂಡೆ. ಯೋಚಿಸಿ ಮಾಡಿದ್ದಲ್ಲ.

“ಚೆಂಡ್ ಕೊಡಿ ಮಾಬ್ಲಣ್ಣ.”

“ಕೊಡುದಿಲ್ಲ.”

“ಜಾಗ ನಂದ್.” ಸ್ವರ ಏರಿಸಲಿಲ್ಲ, ಮುಖ ಮಾತ್ರ ಕೆಂಪಾಯಿತು.

“ಜಾಗ ನಿಮ್ದೇ. ದಾರಿ ನಿಮ್ದಲ್ಲ. ಬೇಕಾರೆ ನಾಳೆಗೆ ಬೇರೆಯವ್ರನ್ ಕಾಣಿ. ನಾನ್ ಕಂಡ್ ಬಪ್ಪು ತನಕ ಯಾರೂ ಹೊಡುಕಾಗ.”

ಇಷ್ಟು ಜನರ ಎದುರು ನಾನು ಯಾವ ಯಜಮಾನರಿಗೂ ಹೀಗೆ ಹೇಳಿದ್ದಿಲ್ಲ. ತಿರುಗಿ ನೋಡದೆ ತಗ್ಗಿಗೆ ಇಳಿದೆ. ಎರಡು ಹೆದರಿಕೆ ಒಟ್ಟಿಗೆ. ದಾರಿ ಖಾಲಿ ಇದ್ದರೆ ನಾನು ಎಲ್ಲರೆದುರು ಶೆಟ್ಟರ ಮಾನ ಕಳೆದವನಾಗುತ್ತೇನೆ. ಖಾಲಿ ಇಲ್ಲದಿದ್ದರೆ ಅಲ್ಲಿ ಏನು ಕಾಣಬೇಕಾಗುತ್ತದೋ. ಯಾರಾದರೂ ಜಾರಿ ಬಿದ್ದಿದ್ದಾರೋ, ಹಾವು ಗೀವು ಕಚ್ಚಿತೋ.

ತಗ್ಗಿನ ನಡುವೆ, ಗೇರುಮರದ ನೆರಳಿನಲ್ಲಿ, ಮೀನಿನ ಬುಟ್ಟಿ ಕೆಳಗಿತ್ತು. ಒಂದು ಬದಿಯಲ್ಲಿ ಗುಲಾಬಿ ಕುಕ್ಕರಗಾಲಲ್ಲಿ ಕುಳಿತಿದ್ದಳು. ಇನ್ನೊಂದು ಬದಿಯಲ್ಲಿ ಡಾಕ್ಟರ ಹೆಂಡತಿ ಸವಿತಾ. ಕೈಯಲ್ಲೊಂದು ಬಂಗುಡೆ ಹಿಡಿದು, ಕಿವಿರು ಬಿಡಿಸಿ, ತಲೆ ಬಗ್ಗಿಸಿ ನೋಡುತ್ತಿದ್ದರು.

“ಎರಡ್ನೇ ಪೆಟ್ಟ್ ಯಾಕ್ ಹೊಡೀಲಿಲ್ಲ ಗುಲಾಬಿ?” ಎಂದು ಕೇಳಿದೆ.

“ದಾಟ್ಲಿಲ್ಲಲ್ದಾ ಮಾಬ್ಲಣ್ಣ? ದಾಟ್ದ್ ಮೇಲೆ ಹೊಡುದ್ ಅಂದೇಳಿ ನೀವೇ ಹೇಳಿದ್ದ್. ಈ ಅಕ್ಕ ದಿಬ್ಬದ ಅಂಚಿಂದ ಬುಟ್ಟಿ ಕಂಡ್ ಇಳ್ದ್ ಬಂದ್ರ್. ಬೋಣಿ ಗಿರಾಕಿ, ಬೇಡ ಅಂಬುಕಾತ್ತಾ?”

“ಕೊಕ್ಕರ್ಣೆಗ್ ಇಷ್ಟ್ ತಾಜಾ ಮೀನ್ ಬತ್ತಿಲ್ಲೆ” ಎಂದು ಸವಿತಾ ನಾಚಿಕೊಂಡು ಎದ್ದರು. “ಎಲ್ರೂ ಕಾಯ್ತಿದ್ರಾ?”

ನಾನು ಮೇಲೆ ನೋಡಿದೆ. ಅಲ್ಲಿಂದ ಟೀ ಕಾಣುವುದಿಲ್ಲ, ಹುಲ್ಲಿನ ಅಂಚು ಮತ್ತು ಆಕಾಶ ಮಾತ್ರ. ಜೇಬಿಗೆ ಕೈ ಹಾಕಿದೆ. ಚೆಂಡು ಇತ್ತು.

“ಎಂತ ಆಯ್ತ್? ಮುಖ ಯಾಕ್ ಹಾಂಗ್ ಮಾಡ್ಕಂಡಿರಿ?” ಎಂದಳು ಗುಲಾಬಿ.

“ಎಂತ ಇಲ್ಲೆ. ಬುಟ್ಟಿ ಎತ್ತು.”

ಬುಟ್ಟಿಯನ್ನು ಅವಳ ತಲೆಗೆ ಏರಿಸಿಕೊಟ್ಟು ಆ ತುದಿಯವರೆಗೆ ಹಿಂದೆಯೇ ನಡೆದೆ. ಸರಳು ತೀರ ಕೆಳಗೆ ತೂಗುತ್ತಿತ್ತು. ಅವಳು ಬುಟ್ಟಿಯನ್ನು ಒಂದು ಕೈಯಲ್ಲಿ ಹಿಡಿದು, ಮಂಡಿ ಬಗ್ಗಿಸಿ, ತಡಕಾಡಿ ಸರಳು ಹಿಡಿದು ಹೊಡೆದಳು. ದಿನಾ ಹೀಗೇ ಒದ್ದಾಡಿ ಹೊಡೆಯುತ್ತಿದ್ದಳು ಎಂದು ನನಗೆ ಆಗಲೇ ತಿಳಿದದ್ದು.

ನಾನೂ ಸವಿತಾ ಅವರೂ ದಿಬ್ಬ ಹತ್ತಿ ಬಂದಾಗ ಡಾಕ್ಟರು ಹೆಂಡತಿಯ ಕೈಯ ಮೀನಿನ ಚೀಲ ನೋಡಿದರು, ಆಮೇಲೆ ತಗ್ಗನ್ನು ನೋಡಿದರು. “ನೀನ್ ಅಲ್ಲ್ ಇದ್ದಿದ್ಯಾ?” ಎಂದವರು ಅಲ್ಲೇ ಹುಲ್ಲಿನ ಮೇಲೆ ಕುಳಿತರು. ಶೆಟ್ಟರ ಕೈಯಲ್ಲಿ ಕೋಲು ಇನ್ನೂ ಇತ್ತು. ಅವರು ಅದನ್ನು ಮೆಲ್ಲಗೆ ನೆಲದ ಮೇಲೆ ಮಲಗಿಸಿ ಹೋದರು.

ಇಡೀ ದಿನ ಅವರು ನನ್ನೊಡನೆ ಮಾತಾಡಲಿಲ್ಲ. ಆಟ ಮುಂದುವರಿಯಿತು, ಯಾರಿಗೂ ಏನೂ ತಾಗಲಿಲ್ಲ. ಮಧ್ಯಾಹ್ನ ಶೆಟ್ಟರು ಒಬ್ಬರೇ ತಗ್ಗಿಗೆ ಇಳಿದು, ಗೇರುಮರದ ಬುಡದಲ್ಲಿ ನಿಂತು ಟೀ ಕಡೆ ನೋಡುತ್ತಿದ್ದರೆಂದು ಚಂದ್ರ ಬಂದು ಹೇಳಿದ. ಚೆಂಡು ತಾಗಲಿಲ್ಲವೆಂದು ಗೇಟು ತೆರೆದಿಡುತ್ತಾರೋ, ತಾಗುವುದರಲ್ಲಿತ್ತು ಎಂದು ಮುಚ್ಚುತ್ತಾರೋ, ಅಥವಾ ನನ್ನನ್ನು ಮಾತ್ರ ಕಳಿಸುತ್ತಾರೋ, ಲೆಕ್ಕ ಹತ್ತಲಿಲ್ಲ. ಕ್ರಮದ ಪ್ರಕಾರ ಕೆಲಸ ಮಾಡುತ್ತ ಹೋದೆ. ಬಾವುಟ ಕಿತ್ತೆ, ಗುಳಿಗಳನ್ನು ಒರೆಸಿದೆ, ಕಿತ್ತ ಹುಲ್ಲಿಗೆ ಮರಳು ತುಂಬಿದೆ, ಕೋಲುಗಳನ್ನು ತೊಳೆದಿಟ್ಟೆ.

ಸಂಜೆ ಶೆಟ್ಟರು ಬಂದರು. ಹೆಗಲ ಮೇಲೆ ಏಣಿ, ಕೈಯಲ್ಲಿ ಹಗ್ಗ.

“ಡಾಕ್ಟ್ರ ಅಮ್ಮ ಮುಂದಿನ ಐತ್ವಾರ ಮತ್ತ್ ಬತ್ರಂಬ್ರ್” ಎಂದರು. “ತಂಗಿಯನ್ನೂ ಕರ್ಕಂಡ್ ಬತ್ರಂಬ್ರ್.”

ನಾನು ಒದ್ದೆ ಕೈ ಒರೆಸಿಕೊಂಡೆ.

“ಮಧ್ಯಾಹ್ನ ಕಂಡೆ, ಆ ಸರಳ್ ತುಂಬ ಕೆಳ್ಗಾಯ್ತ್ ಮಾಬ್ಲಣ್ಣ. ಬುಟ್ಟಿ ಹೊತ್ತವ್ರಿಗೆ ಬಗ್ಗುಕಾತಿಲ್ಲೆ. ಮೇಲ್ ಕಟ್ವ, ಬನ್ನಿ.”

ಅವರು ಏಣಿ ಹಿಡಿದರು, ನಾನು ಹತ್ತಿ ಕಟ್ಟಿದೆ. ಒಂದು ತುದಿ ಮುಗಿಸಿ ಇನ್ನೊಂದಕ್ಕೆ ಹೋದೆವು. ಎರಡನೆಯ ಗಂಟು ಬಿಗಿದು ಇಳಿದಾಗ ಹೆದ್ದಾರಿಯ ಕಡೆಯಿಂದ ಠಣ್ ಎಂದಿತು. ಖಾಲಿ ಬುಟ್ಟಿ ಹೊತ್ತು ಗುಲಾಬಿ ಮನೆಗೆ ಹೊರಟಿದ್ದಳು. ಬಯಲಿನಲ್ಲಿ ಆಡುವವರು ಯಾರೂ ಇರಲಿಲ್ಲ. ಆದರೂ ನೀರಿನ ಪೈಪು ಎಳೆಯುತ್ತಿದ್ದ ಚಂದ್ರ ಅದನ್ನು ಕೆಳಗಿಟ್ಟು ನಿಂತ. ನಾವಿಬ್ಬರೂ ಕೈ ಬಿಟ್ಟು ನಿಂತೆವು. ಅವಳು ತಗ್ಗು ದಾಟಿ ನಮ್ಮ ಹತ್ತಿರ ಬಂದು, ಮೇಲೇರಿದ ಸರಳನ್ನು ಕಂಡು, ಬಗ್ಗದೆ, ಕೈ ಎತ್ತಿ ಹೊಡೆದಳು.

“ಈಗ ಸಮಾ ಆಯ್ತ್” ಎಂದು ಹೋದಳು.

ಜೇಬಿನಲ್ಲಿದ್ದ ಚೆಂಡನ್ನು ತೆಗೆದು ಶೆಟ್ಟರಿಗೆ ಕೊಟ್ಟೆ. ತೆಗೆದುಕೊಂಡರು. ಏಣಿಯನ್ನು ಶೆಡ್ಡಿನೊಳಗಿಟ್ಟು ಬೀಗ ಹಾಕಿದೆ. ಗೇಟಿನ ಬೀಗ ಶೆಟ್ಟರ ಕೈಯಲ್ಲೇ ಇತ್ತು. ಅವರು ಬರೇ ಚಿಲಕ ಎಳೆದು ಮನೆಗೆ ಹೊರಟರು.